ಕರುವಿಗೊಂದು ಗಾಡಿ ಮೇವು

ವಿದ್ಯಾನಗರ, ಹುಬ್ಬಳ್ಳಿ
೧೯ ಜನವರಿ ೨೦೨೫

ಪ್ರೀತಿಯ ಅವ್ವಾ,

ಶರಣು. ಗೋಶಾಲೆಯ ಮೇವಿನ ಕೋಣೆಯ ಉದ್ಘಾಟನೆಗೆ ಬಾ ಎಂದು ಮೂರು ಸಲ ಹೇಳಿಕಳಿಸಿದಿ. ನಾನು ಬರುವುದಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ಅಪ್ಪಾಜಿ ಯಾವಾಗಲೂ ನಿನ್ನ ಪಕ್ಕದಲ್ಲೇ ಇರುತ್ತಾರೆ. ಅದಕ್ಕೇ ಈ ಕಾಗದ. ಸೊಂಟನೋವಿನ ಎಣ್ಣೆಯನ್ನೂ ಜೊತೆಗೆ ಕಳಿಸಿದ್ದೇನೆ. ಮೊದಲು ಹಚ್ಚಿಕೊ, ಆಮೇಲೆ ಓದು. ಓದಿದ ಮೇಲೆ ನಾನು ಕಳಿಸಿದ್ದನ್ನು ನೀನು ಮುಟ್ಟುವುದಿಲ್ಲ.

ನಮ್ಮ ಹೊಸ್ತಿಲು ದಾಟಿ ಒಂದು ಮೊಟ್ಟೆ ಸಹ ಒಳಗೆ ಬಂದಿಲ್ಲ ಎಂದು ನೀನು ಬಂದವರಿಗೆಲ್ಲ ಹೇಳುತ್ತೀ. ಖರೇ. ಆದರೆ ಮಾಳಮಡ್ಡಿಯ ನಮ್ಮ ಹಿತ್ತಲಿನಲ್ಲಿ ಆರು ಎಮ್ಮೆಗಳಿವೆ, ಅವು ಈಯದೆ ಹಾಲಿಲ್ಲ. ಹೆಣ್ಣುಗರುಗಳು ಉಳಿಯುತ್ತಿದ್ದವು. ಗಂಡುಗರುಗಳಿಗೆ, ಪೇಢೆಯವರಿಗೆ ಹೋಗುವ ಹಾಲಿನಲ್ಲಿ ಪಾಲಿರಲಿಲ್ಲ. ಹುಟ್ಟಿ ಹದಿನೈದು ದಿನಕ್ಕೆ ಅಬ್ದುಲಮಜೀದ ಕಾಕಾ ಟೆಂಪೊ ತಂದು ಒಯ್ಯುತ್ತಿದ್ದರು. ಎಲ್ಲಿಗೆ ಎಂದು ಚಿಕ್ಕಂದಿನಲ್ಲಿ ಒಮ್ಮೆ ಕೇಳಿದ್ದೆ. "ಮೇಯಾಕ" ಅಂದಿದ್ದಿ.

ಹಾಗೆ ಹೋದ ಒಂದೊಂದು ಕರುವಿಗೆ ಅಪ್ಪಾಜಿ ಗೋಶಾಲೆಗೆ ಒಂದೊಂದು ಗಾಡಿ ಮೇವು ಕೊಡುತ್ತಿದ್ದರು. "ಆದ ಪಾಪದಷ್ಟು ಪುಣ್ಯ ಮಾಡಿದರ ಸರಿಹೋತು" ಎನ್ನುತ್ತಿದ್ದರು. ಸಗಣಿಯನ್ನೆಲ್ಲ ಗಟಾರಕ್ಕೆ ತೊಳೆದುಬಿಟ್ಟಿದ್ದಕ್ಕೆ ಓಣಿಯವರು ಬೈದಾಗ, ಶಾಲೆಯ ಮುಂದೆ ಬೇವಿನ ಸಸಿ ನೆಡಿಸಿದರು. ಗಟಾರ ನಾರುತ್ತಲೇ ಇತ್ತು. ಅವ್ವಾ, ಆ ಗೋಶಾಲೆಯಲ್ಲಿ ಎಮ್ಮೆಯ ಕರುವನ್ನು ಸೇರಿಸಿಕೊಳ್ಳುವುದೇ ಇಲ್ಲ. ನಾವು ಕಳಿಸಿದವುಗಳಲ್ಲಿ ಒಂದೂ ಆ ಮೇವಿನ ಒಂದು ಎಸಳನ್ನೂ ತಿಂದಿಲ್ಲ.

ಕಾರ್ತಿಕದ ಆ ಮುಂಜಾನೆ ನಾನು ರಜೆಯ ಮೇಲೆ ಮನೆಯಲ್ಲಿದ್ದೆ. ನೀನು ಗುಡಿಗೆ ಹೋಗಿದ್ದಿ. ಎರಡು ಕರುಗಳಿದ್ದವು. ಹಗ್ಗ ಬಿಚ್ಚಿಕೊಟ್ಟವಳು ನಾನೇ. ಒಂದು ನನ್ನ ಬೆರಳನ್ನು ಮೊಲೆಯೆಂದು ಚೀಪುತ್ತಿತ್ತು, ಬಿಡಿಸಿಕೊಂಡು ಕೈ ತೊಳೆದುಕೊಂಡೆ. ಮುಂದೆ ಊರ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶದ ರಸ್ತೆಯಲ್ಲಿ ಐದಾರು ಮಂದಿ ಟೆಂಪೊ ತಡೆದರು. ಎಲ್ಲಿಂದ ತಂದೆ ಎಂದರು. ಮಾಳಮಡ್ಡಿಯ ಚನ್ನಯ್ಯನವರು ಕೊಟ್ಟಿದ್ದು, ಬೇಕಾದರೆ ಕೇಳಿರಿ ಎಂದು ಕಾಕಾ ಅಪ್ಪಾಜಿಯ ಫೋನಿಗೆ ಹಚ್ಚಿದರು. ನಮ್ಮ ಮನೆಯಿಂದ ಹೋದ ಉತ್ತರ, "ನಮ್ಮವಲ್ಲ."

ಆಮೇಲೆ ಆ ಮಂದಿಯ ಹೊಡೆತಕ್ಕೆ ಕಾಕಾನ ಬಲಗಾಲು ಎರಡು ಕಡೆ ಮುರಿಯಿತು. ಕೊಟ್ಟವರು ಯಾರೂ ಇಲ್ಲವೆಂದಾಗ ಕರುಗಳು ಕದ್ದ ಮಾಲಾದವು, ಕಾಕಾನ ಮೇಲೆ ಕಳವಿನ ಕೇಸು ಬಿತ್ತು. ಅಪ್ಪಾಜಿ ಎರಡು ದಿನ ಊಟ ಬಿಟ್ಟರು, ಅದು ನನಗೂ ಗೊತ್ತು. ಮೂರನೆಯ ದಿನ ಗೋಶಾಲೆಗೆ ಹೋಗಿ ಮೇವಿನ ಕೋಣೆ ಕಟ್ಟಿಸಿಕೊಡುತ್ತೇನೆ ಎಂದು ಮಾತು ಕೊಟ್ಟು ಬಂದು, ಹೊಟ್ಟೆ ತುಂಬ ಉಂಡರು. ನೀನು ಬಾ ಎನ್ನುತ್ತಿರುವುದು ಆ ಕೋಣೆಗೆ.

ಡಿಸೆಂಬರಿನಲ್ಲಿ ನಮ್ಮ ಆಸ್ಪತ್ರೆಗೆ ಕಾಲಿನ ವ್ಯಾಯಾಮಕ್ಕೆ ಬಂದವರ ಯಾದಿಯಲ್ಲಿ ಕಾಕಾನ ಹೆಸರಿತ್ತು. ಅವರಿಗೆ ನಡಿಗೆ ಕಲಿಸುವ ಕೆಲಸ ನನಗೇ ಬಂತು. ನನ್ನನ್ನು ನೋಡಿ ಅವರು ಕೇಳಿದ ಮೊದಲ ಮಾತು, "ಅವ್ವಾರ ಸೊಂಟ ಹ್ಯಾಂಗೈತಿ, ರಜನವ್ವಾ?" ಒಂದು ತಿಂಗಳು ಅವರ ತೋಳು ಹಿಡಿದು ನಡೆಸಿದೆ. ಡ್ಯೂಟಿ ಮುಗಿದ ಮೇಲೂ ನಿಂತೆ. ಚಹಾಕ್ಕೆ ಹಾಲು ಹಾಕಿಕೊಳ್ಳುವುದನ್ನು ಬಿಟ್ಟೆ. ಎದೆ ಹಗುರಾಗುತ್ತ ಬಂತು. ಹಗುರಾಯಿತೆಂದು ತಿಳಿದ ದಿನವೇ ನಾಚಿಕೆಯೂ ಆಯಿತು, ಏಕೆಂದರೆ ನಾನೂ ಮೇವಿನ ಗಾಡಿಯನ್ನೇ ಹೊಡೆಯುತ್ತಿದ್ದೆ.

ಹೋದ ಮಂಗಳವಾರ ಅವರ ಹೆಂಡತಿ ಸುಲ್ತಾನಾ ಚಾಚಿ ತಡೆಯಲಾರದೆ ಅಂದಳು: "ನಿಮ್ಮಪ್ಪಾರು ಒಂದs ಒಂದು ಸಲ ಹೌದು ಅಂದಿದ್ದರ ಇವರ ಕಾಲು ಉಳೀತಿತ್ತು." ಕಾಕಾ ಕಂಬಿ ಹಿಡಿದು ನಿಂತಿದ್ದರು. ನನ್ನ ಕಡೆ ನೋಡದೆ, "ಸುಮ್ನಿರು. ಅದು ಅವರ ಧ್ವನಿ ಅಲ್ಲ" ಅಂದರು.

ಅಲ್ಲ, ಅವ್ವಾ. ಅಪ್ಪಾಜಿ ವಿಭೂತಿ ಹಚ್ಚಿಕೊಳ್ಳುತ್ತಿದ್ದರು, ಫೋನು ಎತ್ತಿದವಳು ನಾನು. "ರಜನವ್ವಾ, ಒಂದು ಮಾತು ಹೇಳವ್ವಾ ಇವರಿಗೆ" ಎಂದು ಕಾಕಾ ಅಂಗಲಾಚಿದ್ದು ಕೇಳಿಸಿತು. ಅಪ್ಪಾಜಿ ಬೇಡವೆಂದು ತಲೆ ಅಲ್ಲಾಡಿಸಿದ್ದು ನಿಜ. ಆದರೆ ನಾಲಿಗೆ ನನ್ನದು. "ನಮ್ಮವಲ್ಲ, ನೀವ್ಯಾರೋ ನಮಗ ಗೊತ್ತಿಲ್ಲ" ಅಂದೆ. ಗೊತ್ತಿಲ್ಲ ಎಂದು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ, ಅದನ್ನು ನಾನೇ ಕೂಡಿಸಿದೆ. ಎರಡು ತಿಂಗಳು ನೀನು ಅಪ್ಪಾಜಿಯೊಬ್ಬರನ್ನೇ ಬೈಯುವಾಗ ಸುಮ್ಮನೆ ಕೇಳಿಸಿಕೊಂಡೆ.

ಕೋಣೆಯ ಗೋಡೆಗೆ ಅಪ್ಪಾಜಿಯ ಹೆಸರಿನ ಕಲ್ಲು ಕೂಡಿಸುತ್ತಾರಂತೆ. ಕೂಡಿಸಲಿ. ನೀನು ಆ ದಿನ ಅಲ್ಲಿ ನಿಂತುಕೊಳ್ಳುವುದೋ ಬಿಡುವುದೋ ನಿನಗೆ ಬಿಟ್ಟದ್ದು.

ಮಗಳೆಂದು ಕರೆಯುವುದಾದರೆ ನಿನ್ನ ಮಗಳು,
ರಜನಿ

ತಾ.ಕ.: ನಿನ್ನೆ ಠಾಣೆಗೆ ಹೋಗಿ ಎಲ್ಲವನ್ನೂ ಬರೆದುಕೊಟ್ಟು ಬಂದೆ. ಮೊದಲು ನನ್ನ ಹೆಸರು, ಆಮೇಲೆ ಅಪ್ಪಾಜಿಯದು. ಈ ವಾರದಲ್ಲಿ ಪೊಲೀಸರು ಮನೆಗೆ ಬರುತ್ತಾರೆ. ಅಲ್ಲಿಂದ ನೇರ ಕಾಕಾನ ಮನೆಗೆ ಹೋಗಿ ಹೇಳಿದೆ. ಅವರಿಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದೆ. ಕಾಕಾ ಅಂದರು: "ಮೊದಲs ನನ್ನ ಒಂದು ಮಾತು ಕೇಳಬೇಕಾಗಿತ್ತವ್ವಾ. ಕೊಟ್ಟವರ ಮನಿಗೆ ಪೊಲೀಸರು ಬರತಾರ ಅಂದರ, ಇನ್ನ ಮ್ಯಾಲೆ ನನ್ನ ಕೈಯಾಗ ಯಾರು ಕರು ಕೊಡತಾರ?"