ಬ್ಯಾರನ್ನಿನ ಗೋಡೆಗೆ ಒಣಗಿದ ಲಂಗ

ತಂಬಾಕುಮುಕ್ತ ಶಾಲೆಗಳ ತಪಾಸಣಾಧಿಕಾರಿಗಳೇ,

ಮಾನ್ಯರೇ, ಕಳೆದ ವಾರ ತಾವು ನಮ್ಮೂರ ಶಾಲೆಗೆ ಬಂದು, ತಂಬಾಕು ವಿರೋಧಿ ಭಾಷಣಕ್ಕೆ ಮೊದಲ ಬಹುಮಾನ ಗೆದ್ದ ನನ್ನ ಮಗಳು ಭಾಗ್ಯಳಿಗೆ ಲೋಟ ಕೊಡಲು ಬಗ್ಗಿದಿರಿ, ಅವಳ ಯೂನಿಫಾರಂ ಮೂಸಿದಿರಿ, ಐದನೇ ತರಗತಿಯ ಮಗುವನ್ನು ಮೈಕಿನಲ್ಲೇ ತಂಬಾಕು ವ್ಯಸನಿ ಎಂದು ಸಾರಿ ಲೋಟವನ್ನು ವಾಪಸು ಪಡೆದಿರಿ. ತಮ್ಮ ಮೂಗಿಗೆ ನನ್ನ ನಮಸ್ಕಾರ. ಅದರ ಹಿಂದೆ ತಲೆಯೂ ಇದೆಯೇ ಎಂಬುದಷ್ಟೇ ನನ್ನ ಸಂದೇಹ.

ಹುಣಸೂರು ಸೀಮೆಯಲ್ಲಿ ಶ್ರಾವಣದ ಜಡಿಮಳೆ ಹಿಡಿದರೆ ಬಟ್ಟೆ ಒಣಗುವುದಿಲ್ಲ. ಊರಿನಲ್ಲಿ ಬೆಚ್ಚಗಿರುವುದು ಹೊಗೆಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಬೇಯಿಸುವ ನಮ್ಮ ಬ್ಯಾರನ್ ಮನೆ ಒಂದೇ. ಅದರ ಗೋಡೆಗೆ ಹಗ್ಗ ಕಟ್ಟಿ ಇಡೀ ಕೇರಿಯ ಮಕ್ಕಳ ಯೂನಿಫಾರಂ ನೇತುಹಾಕುತ್ತೇವೆ, ಸೊಪ್ಪಿನ ವಾಸನೆಯೂ ಹತ್ತಿಕೊಳ್ಳುತ್ತದೆ. ಮುಖ್ಯೋಪಾಧ್ಯಾಯಿನಿಯವರ ಸೀರೆಯೂ ಅಲ್ಲೇ ಒಣಗುತ್ತದೆ. ಅವರನ್ನೇಕೆ ಮೂಸಲಿಲ್ಲ, ಸ್ವಾಮಿ?

ಈ ಬೆಳೆಯನ್ನು ದೇವರು ಕನಸಿನಲ್ಲಿ ಬಂದು ನಮ್ಮ ಮಾವನವರಿಗೆ ಹೇಳಿಕೊಟ್ಟಿದ್ದಲ್ಲ. ರಾಗಿ ಬೆಳೆಯುತ್ತಿದ್ದವರ ಬಾಗಿಲಿಗೆ ಅಧಿಕಾರಿಗಳ ಜೀಪು ಬಂತು, ಬೀಜ ಬಂತು, ಆಮೇಲೆ ಲೈಸೆನ್ಸ್ ಬಂತು. ಈಗ ಹರಾಜುಕಟ್ಟೆಯಲ್ಲಿ ಒಳ್ಳೆಯ ಎಲೆ ತಂದವರಿಗೆ ಶಾಲು ಹೊದಿಸುತ್ತಾರೆ, ಅದೇ ಎಲೆ ಪ್ಯಾಕೆಟ್ಟು ಸೇರಿದರೆ ಮೇಲೆ ಕೊಳೆತ ಗಂಟಲಿನ ಚಿತ್ರ ಅಚ್ಚಾಗುತ್ತದೆ. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವ ಈ ಆಟ ನಮಗೆ ಅಭ್ಯಾಸವಾಗಿತ್ತು. ಆದರೆ ಈ ಸಲ ತಾವು ನಿಜವಾದ ಮಗುವನ್ನೇ ಚಿವುಟಿದ್ದೀರಿ.

ತಾವು ಕಳಿಸಿದ ಆಪ್ತಸಮಾಲೋಚಕರು ಮನೆಗೆ ಬಂದು, "ದಿನಕ್ಕೆ ಎಷ್ಟು ಸೇದ್ತೀಯಮ್ಮ?" ಎಂದು ಭಾಗ್ಯಳನ್ನು ಕೇಳಿದರು. ನನ್ನ ಅತ್ತೆ ದೊಡ್ಡತಾಯಮ್ಮ ಕಡ್ಡಿಪುಡಿ ತಂಬಾಕು ತುಂಬಿದ ಬಾಯಲ್ಲೇ, "ಅಯ್ ಬುಡಪ್ಪ, ಅದ್ಕೇನ್ ಗೊತ್ತು ಕಣ. ಅದ್ರ ಲಂಗ ಸೇದ್ತದೇನೋ, ಅದ್ನೇ ಕೇಳು" ಎಂದರು. ಸಮಾಲೋಚಕರು ಗಂಭೀರವಾಗಿ ಲಂಗದ ಕಡೆ ತಿರುಗಿದರು. ಅತ್ತೆಯ ಬಾಯಿ ಮೂಸಲು ಮಾತ್ರ ಆದೇಶವಿರಲಿಲ್ಲವಂತೆ.

ನಾವು ನಕ್ಕೆವು. ಭಾಗ್ಯ ನಗಲಿಲ್ಲ. ಶಾಲೆಯಲ್ಲಿ ಅವಳನ್ನು ಈಗ 'ಬೀಡಿ' ಎಂದು ಕರೆಯುತ್ತಾರೆ. "ಬ್ಯಾರನ್ ಬ್ಯಾಡ ಕಣವ್ವ, ಒದ್ದೇದೇ ಆಕ್ಕತೀನಿ" ಎಂದು ಹಸಿ ಲಂಗ ತೊಟ್ಟು ನಡುಗುತ್ತಾ ಹೋಗುತ್ತಾಳೆ. ಕೆಮ್ಮು ಹಿಡಿದಿದೆ. ಹೊಗೆಸೊಪ್ಪಿನವರ ಮನೆಯಲ್ಲಿ ತಂಬಾಕಿಲ್ಲದೆಯೇ ಕೆಮ್ಮುವ ಮೊದಲ ಜೀವ ಅವಳು.

ಆದ್ದರಿಂದ ತಾವು ಅದೇ ವೇದಿಕೆಗೆ ಬಂದು, ಅದೇ ಮೈಕಿನಲ್ಲಿ, ಈ ಮಗು ಸೇದಿಲ್ಲ, ಜಗಿದಿಲ್ಲ ಎಂದು ಹೇಳಿ ಲೋಟ ಕೊಡತಕ್ಕದ್ದು. ಅದು ತಮ್ಮ ಘನತೆಗೆ ಕುಂದೆನಿಸಿದರೆ, ಒಂದು ದಿನದ ಮಟ್ಟಿಗೆ ಒದ್ದೆ ಪ್ಯಾಂಟು ತೊಟ್ಟು ಅವಳ ಪಕ್ಕದ ಬೆಂಚಿನಲ್ಲಿ ಕೂರತಕ್ಕದ್ದು.

ಇಂತಿ,
ಲೈಸೆನ್ಸ್ ಪಡೆದು ಸೊಪ್ಪು ಬೇಯಿಸುವ, ಲೈಸೆನ್ಸಿಲ್ಲದೆ ಬಟ್ಟೆ ಒಣಗಿಸಿದ ತಪ್ಪಿತಸ್ಥೆ,
ಚಂದ್ರಿಕಾ