ಬಟ್ಟಲಿನಲ್ಲಿ ಗೆದ್ದ ಅರಿಷಿಣ

ಮುಂಬೈ, ೧೨-೮-೧೯೮೭

ತಂಗಿ ಶಾರದವ್ವನಿಗೆ ಅಣ್ಣನ ಆಶೀರ್ವಾದ.

ನಿನ್ನ ಅತ್ತಿಗೆ ರೇವವ್ವನ ಕಾಗದಪತ್ರ ತರಲು ಆಸ್ಪತ್ರೆಗೆ ಹೋಗಿದ್ದೆ. ಕುಂದಗೋಳ ಕಡೆಯ ಡಾಕ್ಟರೊಬ್ಬ ಗಾಜಿನ ಬಟ್ಟಲಲ್ಲಿ ಸಾಕಿದ ಸ್ತನ ಕ್ಯಾನ್ಸರಿನ ಜೀವಕೋಶ ತೋರಿಸಿದ. ಅವುಗಳ ಒಡತಿ ಪರದೇಶದಲ್ಲಿ ಎಂದೋ ತೀರಿಹೋಗಿದ್ದಾಳೆ. ಇವಕ್ಕೆ ಮಾತ್ರ ತಪ್ಪದೆ ಊಟ, ಉಪಚಾರ.

"ಅರಿಷಿಣದ ಸತ್ವ ಹಾಕೀವ್ರಿ ಕಾಕಾ. ಬೆಳಸೋ ಪ್ರೋಟೀನು ಕಡಿಮಿ ಆಗಿ ಅಗದಿ ಮುದುಡ್ಯಾವ" ಎಂದ.

"ಹಂಗಾದ್ರ ಹೆಣ್ಮಕ್ಕಳು ಉಳೀತಾರೇನಪಾ?"

"ಅದು ಇನ್ನೂ ಗೊತ್ತಿಲ್ರಿ. ಸದ್ಯಕ್ಕ ಬಟ್ಟಲ ಆರಾಮ ಐತಿ."

ರೇವವ್ವ ಎದೆಯ ಗಂಟಿಗೆ ಎಂಟು ತಿಂಗಳು ಅರಿಷಿಣ ಹಚ್ಚಿದಳು. ಅರೆದುಕೊಟ್ಟವನು ನಾನು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ತಡವಾಗಿತ್ತು, ಉಳಿಯಲಿಲ್ಲ. ನೀನು ನಿನ್ನ ಗಂಟಿಗೆ ಹಚ್ಚಿದ್ದನ್ನು ತೊಳೆದು, ಸೋಮವಾರ ಅಣ್ಣಿಗೇರಿಯಲ್ಲಿ ಹುಬ್ಬಳ್ಳಿ ಗಾಡಿ ಹತ್ತು. ನಾನು ಮುಂಬೈಯಿಂದ ಮೊದಲೇ ಬಂದು ಹುಬ್ಬಳ್ಳಿ ಸ್ಟೇಶನ್ನಿನಲ್ಲಿ ನಿಂತಿರುತ್ತೇನೆ, ನೇರ ಆಸ್ಪತ್ರೆಗೆ ಹೋಗೋಣ. ಮನೆಯ ಅರಿಷಿಣ ಸಾರು-ಪಲ್ಯಕ್ಕೆ ಇರಲಿ.

ಅಣ್ಣ ಮಡಿವಾಳೆಪ್ಪ