ವೇದಿಕೆಯ ಮೇಲಿನ ಪಾಲುದಾರರು

ಬಾದಾಮಿ, ಶನಿವಾರ

ತಂಗಿ ವತ್ಸಲೆಗೆ ಅಕ್ಕನ ಆಶೀರ್ವಾದ.

ಹೃದಯರೋಗದ ಸಂಶೋಧನೆಯಲ್ಲಿ ರೋಗಿಗಳಾದ ನಾವೂ ಪಾಲುದಾರರಂತೆ! ಡಾಕ್ಟರರ ಸಮ್ಮೇಳನಕ್ಕೆಂದು ಇಲ್ಲಿಯ ದೊಡ್ಡ ಹೋಟೆಲಿಗೆ ಕರೆಸಿ, ಶಾಲು ಹೊದಿಸಿ, ವೇದಿಕೆಯ ಮೇಲೆ ಗೊಂಬೆಗಳಂತೆ ಕೂರಿಸಿದರು. ರೋಗಿಗಳು ಗುಳಿಗೆ ಯಾಕೆ ತಪ್ಪಿಸುತ್ತಾರೆಂದು ಡಾಕ್ಟರರು ಊಟದ ಹೊತ್ತಿನವರೆಗೂ ಇಂಗ್ಲಿಷಿನಲ್ಲಿ ತಲೆ ಕೆಡಿಸಿಕೊಂಡರು. ಪಕ್ಕದಲ್ಲಿದ್ದ ಇಳಕಲ್ಲಿನ ಗುರುಲಿಂಗವ್ವ ನನ್ನ ಕಿವಿಯಲ್ಲಿ, "ಮೈಯಾಗಿನ ನೀರ ಇಳಸೂ ಗುಳಿಗಿ ನುಂಗಿದ್ರ ಘಳಿಗಿಗೊಮ್ಮೆ ಹೊರಗ ಹೋಗಬೇಕಾಗ್ತದ. ಎಲ್ಲಾರ ಮುಂದ ಹ್ಯಾಂಗ ಏಳೂದ್ರಿ? ಇವತ್ತ ನುಂಗೇ ಇಲ್ಲ" ಎಂದಳು. ವಿಚಾರಿಸಿದರೆ ನಮ್ಮ ಸಾಲಿನಲ್ಲಿ ಯಾರೂ ನುಂಗಿರಲಿಲ್ಲ, ನಾನೂ ಸೇರಿ. ಅದನ್ನೇ ಹೇಳೋಣವೆಂದು ಮೈಕಿಗೆ ಕೈ ಚಾಚಿದರೆ ನಿರೂಪಕಿ, "ಕೂಡ್ರಿ ಅಮ್ಮಾ, ನಿಮ್ಮ ಸನ್ಮಾನ ಆತಲ್ಲ" ಎಂದಳು.

ಕಾಲು ಬಾತಿವೆ. ನಾಡಿದ್ದಿನವರೆಗೂ ವೇದಿಕೆ ಇದೆ, ಗುಳಿಗೆ ನುಂಗುವಂತಿಲ್ಲ. ಊಟಕ್ಕೆ ಕೂಗುತ್ತಿದ್ದಾರೆ.

ಮಥುರಕ್ಕ